ಡ್ರೈವರ್ ಹೊಸದಾಯಿತು, ಚರಚರ ಶುರುವಾಯಿತು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ತಕರಾರಿನವು. ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಅಪ್‌ಡೇಟ್ ಮಾಡಿದೆವು, ಆಮೇಲೆ ವಿಡಿಯೋ ಎಡಿಟಿಂಗ್‌ನಲ್ಲಿ ಧ್ವನಿ ಕೆಟ್ಟಿತು ಅಂತ. ಡ್ರೈವರ್ ಅಂದರೆ ಕಾರ್ಡಿನಿಂದ ಕೆಲಸ ಮಾಡಿಸಲು ವಿಂಡೋಸಿಗೆ ಬೇಕಾದ ಪ್ರೋಗ್ರಾಂ. ಚಿತ್ರ ತೋರಿಸುವ ಕಾರ್ಡಿಗೂ ಧ್ವನಿಗೂ ಏನು ಸಂಬಂಧ ಅಂತಲೂ ಕೇಳಿದ್ದಾರೆ. ಸಂಬಂಧ ಇದೆ. ಹಾಗಂತ ಎಲ್ಲ ತಪ್ಪೂ ಅದರದ್ದಲ್ಲ. ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ.

ಶಿರಸಿಯಿಂದ: ನಾನು ಮದುವೆ, ಉಪನಯನದ ವಿಡಿಯೋ ಮಾಡುತ್ತೇನೆ. ಹೋದ ವಾರ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿದೆ. ಅವತ್ತಿನಿಂದ ಟೈಮ್‌ಲೈನ್ ಪ್ಲೇ ಮಾಡಿದರೆ ನಡುನಡುವೆ ಚರ್ ಚರ್ ಅನ್ನುತ್ತದೆ. ಹೆಂಗಸರು ಹಸೆ ಹಾಡು ಹೇಳುವ ಜಾಗದಲ್ಲಂತೂ ಕೇಳೋಕಾಗಲ್ಲ. ಸೋಮವಾರ ಮದುವೆ ಮನೆಯವರಿಗೆ ಪೆನ್‌ಡ್ರೈವ್ ಕೊಡಬೇಕು. ಏನು ಮಾಡಲಿ ಸರ್?

ಮೊದಲು ಇದನ್ನು ಮಾಡಿ. ಚರಚರ ಬರುವ ಜಾಗದ ಎರಡು ನಿಮಿಷ ಎಕ್ಸ್‌ಪೋರ್ಟ್ ಮಾಡಿ, ಮೊಬೈಲಿಗೆ ಹಾಕಿ, ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಿ. ಅಲ್ಲಿ ಹಾಡು ಶುದ್ಧವಾಗಿ ಬಂದರೆ ನಿಮ್ಮ ಫೈಲಿಗೆ ಏನೂ ಆಗಿಲ್ಲ. ಕೆಟ್ಟಿದ್ದು ಕೇಳಿಸುವ ದಾರಿ. ಸೋಮವಾರದ ಕೆಲಸ ನಿಲ್ಲುವುದಿಲ್ಲ, ಧೈರ್ಯವಾಗಿ ಎಕ್ಸ್‌ಪೋರ್ಟ್ ಮಾಡಿ ಕೊಡಿ. ಕೊಡುವ ಮುಂಚೆ ಪೂರ್ತಿ ಒಮ್ಮೆ ಮೊಬೈಲಿನಲ್ಲೋ ಟಿವಿಯಲ್ಲೋ ಕೇಳಿ, ಅಷ್ಟೇ. ಧ್ವನಿಯ ಯಾವ ತಕರಾರಿಗೂ ನಾನು ಮೊದಲು ಮಾಡುವುದು ಇದನ್ನೇ. ಫೈಲಿನಲ್ಲಿ ಕೆಟ್ಟಿದೆಯೋ, ದಾರಿಯಲ್ಲಿ ಕೆಟ್ಟಿದೆಯೋ ಗೊತ್ತಾಗದೆ ಕೈ ಹಾಕಿದರೆ ಚೆನ್ನಾಗಿದ್ದದ್ದನ್ನೂ ನಾವೇ ಕೆಡಿಸುತ್ತೇವೆ. ಚರಚರ ಹೋಗಲಿ ಅಂತ ಹಾಡಿಗೆ ನಾಯ್ಸ್ ರಿಡಕ್ಷನ್ ಹಾಕಿ, ಅಜ್ಜಿಯಂದಿರ ದನಿಯನ್ನು ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ ಮಾಡಿದ ವಿಡಿಯೋಗಳನ್ನು ನಾನು ಕೇಳಿದ್ದೇನೆ. ಆ ಹಾಡು ಮತ್ತೆ ಸಿಗುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಈಗ ಕಾರಣ. ದೇವಸ್ಥಾನದಲ್ಲಿ ಅಭಿಷೇಕ ನೋಡಿರುತ್ತೀರಿ. ಒಬ್ಬರು ಚೊಂಬು ತುಂಬಿ ಕೊಡುತ್ತಾರೆ, ಇನ್ನೊಬ್ಬರು ಎರೆಯುತ್ತಾರೆ, ಧಾರೆ ಕಡಿಯಬಾರದು. ಕಂಪ್ಯೂಟರ್ ಧ್ವನಿಯನ್ನು ಹೀಗೇ ಚೊಂಬು ಚೊಂಬಾಗಿ ಕಳಿಸುತ್ತದೆ. ಆ ಚೊಂಬಿಗೆ ಬಫರ್ ಅನ್ನುತ್ತಾರೆ. ವಿಡಿಯೋದ ಧ್ವನಿಯಲ್ಲಿ ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಧ್ವನಿಯ ಸಣ್ಣ ಸಣ್ಣ ತುಣುಕು. ಬಫರ್ 256 ಸ್ಯಾಂಪಲ್ ಇದ್ದರೆ ಒಂದು ಚೊಂಬು ಸುಮಾರು 5 ಮಿಲಿಸೆಕೆಂಡಿಗೆ ಖಾಲಿ. ಅಷ್ಟರೊಳಗೆ ಪ್ರೊಸೆಸರ್ ಮುಂದಿನದನ್ನು ತುಂಬಿ ಕೊಡಬೇಕು. ಗ್ರಾಫಿಕ್ಸ್ ಡ್ರೈವರ್ ತನ್ನ ತುರ್ತು ಕೆಲಸಕ್ಕೆ ಪ್ರೊಸೆಸರನ್ನು ಅದಕ್ಕಿಂತ ಜಾಸ್ತಿ ಹೊತ್ತು ಹಿಡಿದುಕೊಂಡರೆ ಧಾರೆ ಕಡಿಯುತ್ತದೆ. ನಿಮಗೆ ಕೇಳುವ ಚರ್ ಅದೇ.

ಅದು ಹೌದೋ ಅಲ್ಲವೋ ನೋಡಲು ಲೇಟೆನ್ಸಿಮಾನ್ ಅಂತ ಒಂದು ಸಣ್ಣ ಪ್ರೋಗ್ರಾಂ ಇದೆ. ಮನೆಬಳಕೆಗೆ ಉಚಿತ. ಅದನ್ನು ಓಡಿಸಿಟ್ಟು ಹತ್ತು ನಿಮಿಷ ಎಡಿಟಿಂಗ್ ಮಾಡಿ, ಆಮೇಲೆ ಯಾವ ಡ್ರೈವರ್ ಅತಿ ಹೆಚ್ಚು ಹೊತ್ತು ಹಿಡಿದಿತ್ತು ಅಂತ ಅದೇ ಹೆಸರು ಹೇಳಿ ತೋರಿಸುತ್ತದೆ. ಗ್ರಾಫಿಕ್ಸ್ ಡ್ರೈವರ್ ಹೆಸರು ಬರಬಹುದು, ವೈಫೈ ಡ್ರೈವರ್ ಹೆಸರೂ ಬರಬಹುದು. ವೈಫೈ ಅಂತ ಬಂದರೆ ಅದನ್ನು ಆಫ್ ಮಾಡಿ ಮತ್ತೆ ಕೇಳಿ, ಅಲ್ಲೇ ಗೊತ್ತಾಗುತ್ತದೆ.

ಗ್ರಾಫಿಕ್ಸ್ ಡ್ರೈವರೇ ಆದರೆ ಹಳೆಯದಕ್ಕೆ ಹಿಂದೆ ಹೋಗಿ. ಡಿವೈಸ್ ಮ್ಯಾನೇಜರ್ ತೆರೆದು, ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗೆ ನಿಮ್ಮ ಕಾರ್ಡಿನ ಪ್ರಾಪರ್ಟೀಸ್‌ಗೆ ಹೋದರೆ, ಡ್ರೈವರ್ ಅನ್ನುವ ಟ್ಯಾಬ್‌ನಲ್ಲಿ ರೋಲ್ ಬ್ಯಾಕ್ ಡ್ರೈವರ್ ಅಂತ ಬಟನ್ ಇದೆ. ಅದು ಮಸುಕಾಗಿದ್ದರೆ ಹಳೆಯದು ಉಳಿದಿಲ್ಲ ಅಂತ ಅರ್ಥ. ಆಗ ಕಂಪನಿಯ ಸೈಟಿನಿಂದ ಹಿಂದಿನ ಆವೃತ್ತಿ ಇಳಿಸಿಕೊಳ್ಳಬೇಕು. ಅರ್ಧ ಜಿಬಿಗೂ ಮೇಲೆ ಇರುತ್ತದೆ. ಮಳೆಗಾಲದಲ್ಲಿ ನಮ್ಮ ಘಟ್ಟದ ಮೇಲಿನ ನೆಟ್‌ವರ್ಕ್ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಹಾಗಾಗಿ ಆ ಫೈಲ್ ಪೂರ್ತಿ ಇಳಿಯುವ ತನಕ ಈಗಿರುವ ಡ್ರೈವರನ್ನು ತೆಗೆಯಬೇಡಿ. ಇಳಿದ ಮೇಲೆ ಇಂಟರ್ನೆಟ್ ಕಡಿದು ಹಾಕಿ. ಇಲ್ಲದಿದ್ದರೆ ನೀವು ತೆಗೆದ ಜಾಗಕ್ಕೆ ವಿಂಡೋಸ್ ತಾನೇ ಇನ್ನೊಂದು ಡ್ರೈವರ್ ತಂದು ಕೂರಿಸುತ್ತದೆ. ಎನ್‌ವಿಡಿಯಾ ಕಾರ್ಡ್ ಆದರೆ ಇನ್‌ಸ್ಟಾಲ್ ಮಾಡುವಾಗ ಕಸ್ಟಮ್ ಅಂತ ಆರಿಸಿ, ಕ್ಲೀನ್ ಇನ್‌ಸ್ಟಲೇಶನ್‌ಗೆ ಟಿಕ್ ಹಾಕಿ.

ಇನ್ನೊಂದು ಮಾತು. ಎನ್‌ವಿಡಿಯಾದಲ್ಲಿ 2019ರಿಂದ ಎರಡು ಬಗೆಯ ಡ್ರೈವರ್ ಇವೆ. ಗೇಮ್ ರೆಡಿ ಅನ್ನುವುದು ಹೊಸ ಆಟ ಬಂದ ಹಾಗೆಲ್ಲ ಬರುತ್ತಿರುತ್ತದೆ. ಸ್ಟುಡಿಯೋ ಅನ್ನುವುದನ್ನು ಎಡಿಟಿಂಗ್‌ನಂಥ ಪ್ರೋಗ್ರಾಂಗಳ ಜೊತೆ ಪರೀಕ್ಷೆ ಮಾಡಿ ಬಿಡುತ್ತಾರೆ. ನಿಮ್ಮ ಹೊಟ್ಟೆಪಾಡು ಎಡಿಟಿಂಗ್, ಅಲ್ವಾ? ಸ್ಟುಡಿಯೋ ಹಾಕಿ. ಮತ್ತೆ ಮದುವೆ ಸೀಸನ್ ನಡುವೆ, ಅರ್ಧ ಎಡಿಟ್ ಆದ ಕೆಲಸ ಕೈಯಲ್ಲಿರುವಾಗ, ಯಾವ ಅಪ್‌ಡೇಟೂ ಬೇಡ. ಕೊಡುವುದನ್ನೆಲ್ಲ ಕೊಟ್ಟು ಮುಗಿಸಿ, ಆಮೇಲೆ ಮಾಡಿ.

ಇದೆಲ್ಲ ಮಾಡಲು ಪುರುಸೊತ್ತು ಇಲ್ಲದಿದ್ದರೆ ಸದ್ಯಕ್ಕೆ ಬಫರ್ 1024ಕ್ಕೆ ಏರಿಸಿ. ಚೊಂಬು ದೊಡ್ಡದಾಗುತ್ತದೆ, ಸುಮಾರು 21 ಮಿಲಿಸೆಕೆಂಡ್ ಸಿಗುತ್ತದೆ. ಎಡಿಟಿಂಗ್‌ಗೆ ಅಷ್ಟು ತಡ ಗೊತ್ತೇ ಆಗುವುದಿಲ್ಲ.

ಕಾರವಾರದಿಂದ: ಡ್ರೈವರ್ ಅಪ್‌ಡೇಟ್ ಆದ ಮೇಲೆ ಸ್ಪೀಕರಿನಲ್ಲಿ ಧ್ವನಿಯೇ ಇಲ್ಲ. ಎಡಿಟಿಂಗ್ ಪ್ರೋಗ್ರಾಂನಲ್ಲಿ ಹಸಿರು ಮೀಟರ್ ಮಾತ್ರ ಕುಣಿಯುತ್ತಿದೆ. ಅಂಗಡಿಯವರು ಸೌಂಡ್ ಕಾರ್ಡ್ ಹೋಗಿದೆ, ಹೊಸದು ಹಾಕಿಸಿ ಅನ್ನುತ್ತಾರೆ. ಹಾಕಿಸಲಾ?

ಬೇಡ, ದುಡ್ಡು ಇಟ್ಟುಕೊಳ್ಳಿ. ಮೀಟರ್ ಕುಣಿಯುತ್ತಿದೆ ಅಂದರೆ ಧ್ವನಿ ಇದೆ, ಬೇರೆ ಕಡೆಗೆ ಹೋಗುತ್ತಿದೆ. ಎಚ್‌ಡಿಎಂಐ ಕೇಬಲ್ಲಿನಲ್ಲಿ ಚಿತ್ರದ ಜೊತೆ ಧ್ವನಿಯೂ ಹೋಗುತ್ತದೆ. ಅದಕ್ಕೇ ಗ್ರಾಫಿಕ್ಸ್ ಡ್ರೈವರಿನ ಜೊತೆಗೆ ಒಂದು ಆಡಿಯೋ ಡ್ರೈವರ್ ಕೂಡ ಬರುತ್ತದೆ. ಅಪ್‌ಡೇಟ್ ಆದಾಗ ವಿಂಡೋಸ್ ಕೆಲವು ಸಲ ನಿಮ್ಮ ಮಾನಿಟರನ್ನೇ ಮುಖ್ಯ ಸ್ಪೀಕರ್ ಅಂತ ಹಿಡಿದುಬಿಡುತ್ತದೆ. ಮಾನಿಟರಿಗೆ ಸ್ಪೀಕರ್ ಇಲ್ಲದಿದ್ದರೆ ಮೌನ. ಪರದೆಯ ಕೆಳಗೆ ಬಲಗಡೆ ಇರುವ ಸ್ಪೀಕರ್ ಗುರುತು ಒತ್ತಿ, ನಿಮ್ಮ ಸ್ಪೀಕರನ್ನು ಮತ್ತೆ ಆರಿಸಿ. ಎಡಿಟಿಂಗ್ ಪ್ರೋಗ್ರಾಂ ಒಳಗೂ ಬೇರೆಯಾಗಿ ಆರಿಸಬೇಕಾಗಬಹುದು. ಪ್ರೀಮಿಯರ್ ಪ್ರೊದಲ್ಲಿ ಪ್ರಿಫರೆನ್ಸಸ್ ಒಳಗೆ ಆಡಿಯೋ ಹಾರ್ಡ್‌ವೇರ್, ಡಾವಿಂಚಿ ರಿಸಾಲ್ವ್‌ನಲ್ಲಿ ಪ್ರಿಫರೆನ್ಸಸ್ ಒಳಗೆ ವಿಡಿಯೋ ಆಂಡ್ ಆಡಿಯೋ ಐಓ. ಹೆಚ್ಚಿನವರು ವಿಂಡೋಸಿನಲ್ಲಿ ಆರಿಸಿ, ಪ್ರೋಗ್ರಾಂ ಒಳಗೆ ಆರಿಸುವುದನ್ನು ಮರೆಯುತ್ತಾರೆ.

ಇಷ್ಟಾದರೂ ಬರಲಿಲ್ಲ ಅಂದರೆ ಸ್ಪೀಕರಿನ ಪಿನ್ ಎಳೆದು ನೋಡಿ. ಕಡಲ ಪಕ್ಕದ ಮನೆ ನಿಮ್ಮದು. ನನ್ನ ಒಂದು ಕೇಬಲ್ಲಿನ ಪಿನ್ ಎರಡೇ ಮಳೆಗಾಲಕ್ಕೆ ತುದಿಯಲ್ಲಿ ಹಸಿರು ಹಿಡಿದು, ಬುಡದಲ್ಲಿ ಬಿಳಿ ಪುಡಿ ಕೂತಿತ್ತು. ಒಣ ಬಟ್ಟೆಯಲ್ಲಿ ತಿಕ್ಕಿ ನಾಲ್ಕು ಸಲ ಹಾಕಿ ತೆಗೆದಿದ್ದಕ್ಕೆ ಧ್ವನಿ ಬಂತು.

ಕುಮಟಾದಿಂದ: ನಮ್ಮೂರ ಯಕ್ಷಗಾನವನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ, ಧ್ವನಿಯನ್ನು ಮಿಕ್ಸರಿನಿಂದ ಬೇರೆ ರೆಕಾರ್ಡರಿಗೆ ತೆಗೆದುಕೊಂಡೆ. ಶುರುವಿನಲ್ಲಿ ಎರಡೂ ಕೂಡುತ್ತವೆ. ಹೋಗ್ತಾ ಹೋಗ್ತಾ ಚಂಡೆ ಒಂದು ಕಡೆ, ಪೆಟ್ಟು ಒಂದು ಕಡೆ. ಡ್ರೈವರ್ ಬದಲಾಯಿಸಿದ ಮೇಲೆ ಮಾಡಿದ ಮೊದಲ ಎಡಿಟ್ ಇದು. ಹಳೆಯದು ಹಾಕಿದರೆ ಸರಿ ಹೋಗುತ್ತದಾ?

ಹೋಗುವುದಿಲ್ಲ. ಇದು ಡ್ರೈವರಿನ ತಪ್ಪಲ್ಲ. ಡ್ರೈವರಿನ ತಕರಾರು ಒಮ್ಮೆ ಬಂದು ಒಮ್ಮೆ ಹೋಗುತ್ತದೆ, ಪ್ರತಿಸಲ ಬೇರೆ ಜಾಗದಲ್ಲಿ. ನಿಮ್ಮದು ಸಮನಾಗಿ ಹಿಗ್ಗುತ್ತಾ ಹೋಗಿದೆ. ಅದು ಫೈಲಿನಲ್ಲೇ ಇರುವ ವ್ಯತ್ಯಾಸ.

ಅಳೆದು ನೋಡಿ. ಯಕ್ಷಗಾನದಲ್ಲಿ ಅದು ಸುಲಭ, ಬೇರೆ ಚಪ್ಪಾಳೆ ಬೇಡ. ವಿಡಿಯೋವನ್ನು ಒಂದೊಂದೇ ಫ್ರೇಮ್ ಸರಿಸುತ್ತಾ, ಚಂಡೆಯವರ ಕೋಲು ಮೇಲಿಂದ ಇಳಿದು ಚರ್ಮಕ್ಕೆ ತಾಗುವ ಫ್ರೇಮ್ ಹಿಡಿಯಿರಿ. ಕೆಳಗೆ ಧ್ವನಿಯ ಗೆರೆಯಲ್ಲಿ ಆ ಪೆಟ್ಟು ಸೂಜಿಯ ಹಾಗೆ ಎದ್ದಿರುತ್ತದೆ. ಎರಡರ ನಡುವೆ ಎಷ್ಟು ಫ್ರೇಮ್ ಅಂತ ಬರೆದಿಟ್ಟುಕೊಳ್ಳಿ. ಶುರುವಿನಲ್ಲೊಂದು, 40 ನಿಮಿಷದ ಹತ್ತಿರ ಒಂದು. ಅಂತರ ನಾಲ್ಕೈದು ಫ್ರೇಮ್ ಅಷ್ಟೇ ಬೆಳೆದಿದ್ದರೆ ಅದು ಮೊಬೈಲು ಮತ್ತು ರೆಕಾರ್ಡರಿನ ಗಡಿಯಾರದ ವ್ಯತ್ಯಾಸ. ಎರಡು ಯಂತ್ರದ ಗಡಿಯಾರ ಪೂರ್ತಿ ಒಂದೇ ಇರುವುದಿಲ್ಲ. ಪ್ರಸಂಗದಲ್ಲಿ ಪದ್ಯ ಮುಗಿದು ಅರ್ಥ ಶುರುವಾಗುವ ಜಾಗದಲ್ಲೆಲ್ಲ ಧ್ವನಿ ಕತ್ತರಿಸಿ ಸ್ವಲ್ಪ ಸರಿಸಿದರೆ ಸಾಕು, ಕೇಳುವವರಿಗೆ ತಿಳಿಯುವುದಿಲ್ಲ. ಅದೇ ಅಂತರ ಎರಡೂವರೆ ಸೆಕೆಂಡ್ ಹತ್ತಿರ ಇದ್ದರೆ ಎಲ್ಲೋ ಸೆಕೆಂಡಿಗೆ 29.97 ಫ್ರೇಮಿನ ವಿಡಿಯೋವನ್ನು 30 ಫ್ರೇಮಿನದು ಅಂತ ಪ್ರೋಗ್ರಾಂ ಓದಿದೆ. ಆ ತಪ್ಪಿಗೆ ಗಂಟೆಗೆ 3.6 ಸೆಕೆಂಡ್ ಜಾರುತ್ತದೆ.

ಎರಡೂ ಅಲ್ಲ, ಒಂದು ಕಡೆ ಮುಂದೆ ಇನ್ನೊಂದು ಕಡೆ ಹಿಂದೆ ಅಂತ ಆದರೆ ಮೊಬೈಲಿನ ಮೇಲೆ ಅನುಮಾನ ಪಡಿ. ಹೆಚ್ಚಿನ ಮೊಬೈಲುಗಳು ಫ್ರೇಮುಗಳನ್ನು ಒಂದೇ ವೇಗದಲ್ಲಿ ತೆಗೆಯುವುದಿಲ್ಲ, ಬೆಳಕು ಕಡಿಮೆಯಾದರೆ ನಿಧಾನ ಮಾಡುತ್ತವೆ. ಬಯಲಾಟದ ರಂಗಸ್ಥಳದಲ್ಲಿ ಬೆಳಕು ಹೇಗೆ ಏರಿಳಿಯುತ್ತದೆ ಅಂತ ಹೇಳಬೇಕಾಗಿಲ್ಲ. ಎಡಿಟಿಂಗ್‌ಗೆ ಹಾಕುವ ಮೊದಲೇ ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಪ್ರೋಗ್ರಾಂನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಿ, 30 ಅಂತ ಕೊಟ್ಟು ಬದಲಾಯಿಸಿಕೊಳ್ಳಿ. ಮೂಲ ಫೈಲ್ ಅಳಿಸಬೇಡಿ. ಮುಂದಿನ ಸಲ ರೆಕಾರ್ಡರನ್ನು 48 ಕಿಲೋಹರ್ಟ್ಜ್‌ಗೆ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್‌ಗೆ ಇಡಿ. ಮತ್ತೆ ಚಂಡೆ ಜೋರಾದಾಗಲೂ ಮೀಟರ್ ಮೈನಸ್ 6 ಡೆಸಿಬೆಲ್ ಒಳಗೇ ಇರಲಿ. ಸೊನ್ನೆ ದಾಟಿ ಒಡೆದ ಪೆಟ್ಟನ್ನು ಮೊದಲಿನ ಹಾಗೆ ಮಾಡುವುದು ಕಷ್ಟ. ಭಾಗವತರ ದನಿ ಸಣ್ಣದಾಗಿ ಬಂದಿದ್ದರೆ ಆಮೇಲೆ ಏರಿಸಬಹುದು.

ಅಂಕೋಲಾದಿಂದ: ಇಲ್ಲಿ ಗಾಳಿಮಳೆಗೆ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುತ್ತದೆ. ಡ್ರೈವರ್ ಹಾಕುತ್ತಿರುವಾಗ ಹೋದರೆ ಕಾರ್ಡ್ ಸುಟ್ಟು ಹೋಗುತ್ತದಾ?

ಡ್ರೈವರ್ ಅರ್ಧಕ್ಕೆ ನಿಂತಿದ್ದರಿಂದ ಕಾರ್ಡ್ ಸುಡುವುದಿಲ್ಲ. ಡ್ರೈವರ್ ಇರುವುದು ಡಿಸ್ಕಿನಲ್ಲಿ, ಕಾರ್ಡಿನಲ್ಲಿ ಅಲ್ಲ. ಮತ್ತೆ ಆನ್ ಮಾಡಿದಾಗ ಪರದೆ ದೊಡ್ಡ ದೊಡ್ಡ ಅಕ್ಷರದಲ್ಲಿ, ಒಡ್ಡೊಡ್ಡಾಗಿ ಕಾಣಬಹುದು. ಗಾಬರಿ ಬೇಡ, ಅದು ವಿಂಡೋಸಿನ ಸಾದಾ ಡ್ರೈವರ್. ಹಾಗೆಯೇ ಕೂತು ಇನ್ನೊಮ್ಮೆ ಇನ್‌ಸ್ಟಾಲ್ ಮಾಡಿ. ಪರದೆ ಪೂರ್ತಿ ಕಪ್ಪಾಗಿದ್ದರೆ ಸೇಫ್ ಮೋಡ್‌ಗೆ, ಅಂದರೆ ತೀರಾ ಬೇಕಾದಷ್ಟರಲ್ಲೇ ವಿಂಡೋಸ್ ಶುರುವಾಗುವ ಬಗೆಗೆ ಹೋಗಿ, ಅರ್ಧಕ್ಕೆ ನಿಂತ ಡ್ರೈವರನ್ನು ತೆಗೆದು, ಮತ್ತೆ ಹಾಕಿ. ಬಯಾಸ್ ಅನ್ನುವ ಪ್ರೋಗ್ರಾಂ ಮಾತ್ರ ಡಿಸ್ಕಿನಲ್ಲಲ್ಲ, ಚಿಪ್ಪಿನೊಳಗೇ ಇರುತ್ತದೆ. ಕಾರ್ಡಿನ ಬಯಾಸ್ ಅಥವಾ ಮದರ್‌ಬೋರ್ಡಿನ ಬಯಾಸ್ ಅಪ್‌ಡೇಟ್ ಮಳೆ ದಿನ ಯುಪಿಎಸ್ ಇಲ್ಲದೆ ಮುಟ್ಟಲೇಬೇಡಿ. ಅದು ಅರ್ಧಕ್ಕೆ ನಿಂತರೆ ರಿಪೇರಿಗೆ ಹುಬ್ಬಳ್ಳಿ ತನಕ ಹೊತ್ತುಕೊಂಡು ಹೋಗಬೇಕಾದೀತು.