ನಿನ್ನ ಮನೆ ಓನರ್ ಹಾಕುವ ಆ ಮೂರು ಬಣ್ಣದ ಟೋಪಿ

ಅಣ್ಣ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ದಾವಣಗೆರೆ ಬಿಟ್ಟು ಮಾಂಟ್ರಿಯಲ್‌ಗೆ ಬಂದು ಎರಡು ತಿಂಗಳು. ಚಳಿ ಎಷ್ಟಿರುತ್ತದೆ, ಫ್ರೆಂಚ್ ಬೇಕೇ ಬೇಕಾ, ರಾಗಿ ಹಿಟ್ಟು ಎಲ್ಲಿ, ಇಲ್ಲಿನ ಜನ ನಮ್ಮ ಜೊತೆ ಯಾಕೆ ಬೆರೆಯುವುದಿಲ್ಲ ಅಂತೆಲ್ಲ ಕೇಳಿದ್ದೀಯ. ಕೊನೆಗೆ ಇನ್ನೊಂದು ಮಾತು ಸೇರಿಸಿದ್ದೀಯ. ಕೆಳಗಿನ ಮನೆಯ ಓನರ್ ದಿನಾ ಕೆಂಪು, ಬಿಳಿ, ನೀಲಿ ಟೋಪಿ ಹಾಕಿಕೊಳ್ಳುತ್ತಾರೆ. "ಇದು ಯಾವ ಟೀಮ್, ಈ ವರ್ಷ ಹೇಗೆ ಆಡ್ತಿದೆ?" ಅಂತ ಕೇಳಿದರೆ ಸುಮ್ಮನೆ ನಕ್ಕು ಒಳಗೆ ಹೋದರಂತೆ.

ಮೊದಲ ಮೂರಕ್ಕೆ ಜಾಸ್ತಿ ಹೇಳುವುದಿಲ್ಲ. ಜನವರಿಯಲ್ಲಿ ಮೈನಸ್ 20 ಇಲ್ಲಿ ಯಾರಿಗೂ ಸುದ್ದಿಯಲ್ಲ. ಒಳ್ಳೆಯ ಬೂಟಿಗೆ ದುಡ್ಡು ಹಾಕು, ಉಳಿಸುವುದಿದ್ದರೆ ಬೇರೆ ಕಡೆ ಉಳಿಸು. ಫ್ರೆಂಚ್ ಬೇಕು. ಸರ್ಕಾರದ ಉಚಿತ ಕ್ಲಾಸ್ ಇದೆ, ಈ ವಾರವೇ ಹೆಸರು ಬರೆಸು. ರಾಗಿ ಹಿಟ್ಟು, ಕರಿಬೇವು ಎಲ್ಲ ಪಾರ್ಕ್ ಎಕ್ಸ್‌ಟೆನ್ಷನ್ ಕಡೆಯ ಅಂಗಡಿಗಳಲ್ಲಿ ಸಿಗುತ್ತದೆ.

ಈಗ ಟೋಪಿಗೆ ಬರೋಣ. ಜನ ಬೆರೆಯುವುದಿಲ್ಲ ಅಂದೆಯಲ್ಲ, ಅದಕ್ಕೂ ನನ್ನ ಉತ್ತರ ಇದರಲ್ಲೇ ಇದೆ.

ಅದು ಮಾಂಟ್ರಿಯಲ್ ಎಕ್ಸ್‌ಪೋಸ್ ತಂಡದ್ದು. ಬೇಸ್‌ಬಾಲ್. ಈ ವರ್ಷ ಹೇಗೂ ಆಡುತ್ತಿಲ್ಲ, ಯಾಕೆಂದರೆ ಆ ತಂಡವೇ ಇಲ್ಲ. 2004ರಲ್ಲಿ ಹೋಯಿತು. ನಿನಗೆ ಗೊತ್ತಿರಲಿಲ್ಲ, ಕೇಳಿದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆತ ಒಳಗೆ ಹೋದದ್ದು ಯಾಕೆ ಅಂತ ಈಗ ಅರ್ಥವಾಗುತ್ತೆ, ಅಲ್ವಾ?

ಎಕ್ಸ್‌ಪೋಸ್ 1969ರಲ್ಲಿ ಶುರುವಾಯಿತು. ಅಮೆರಿಕದ ಮೇಜರ್ ಲೀಗ್‌ನಲ್ಲಿ ಅಮೆರಿಕದ ಹೊರಗಿನ ಮೊದಲ ತಂಡ. 1967ರಲ್ಲಿ ಇಲ್ಲಿ ನಡೆದ ವಿಶ್ವಮೇಳ ಎಕ್ಸ್‌ಪೋ 67, ಅದರಿಂದ ಹೆಸರು. ಮೊದಲ ಎಂಟು ವರ್ಷ ಆಡಿದ್ದು ಜ್ಯಾರಿ ಪಾರ್ಕ್‌ನಲ್ಲಿ. ಪಾರ್ಕ್ ಎಕ್ಸ್‌ಗೆ ರಾಗಿ ಹಿಟ್ಟು ತರಲು ಹೋಗುತ್ತೀಯಲ್ಲ, ಅದರ ಪಕ್ಕದಲ್ಲೇ ಇದೆ. ಈಗ ಅಲ್ಲಿ ಟೆನ್ನಿಸ್ ಸ್ಟೇಡಿಯಂ ಇದೆ. ಹಳೆಯ ಗ್ಯಾಲರಿಯ ಒಂದಿಷ್ಟು ಭಾಗ ಅದರೊಳಗೇ ಉಳಿದಿದೆ. ಅಲ್ಲಿ ಬಲಗಡೆಯ ಬೇಲಿಯಾಚೆ ಸಾರ್ವಜನಿಕ ಈಜುಕೊಳ. ಪಿಟ್ಸ್‌ಬರ್ಗ್ ತಂಡದ ವಿಲ್ಲಿ ಸ್ಟಾರ್ಜೆಲ್ ಹೊಡೆದ ಚೆಂಡು ಹೋಗಿ ಆ ಕೊಳಕ್ಕೆ ಬಿದ್ದಿತ್ತು. ಎದುರಾಳಿ ಹೊಡೆದ ಹೊಡೆತ ಅದು, ಆದರೂ ಇಲ್ಲಿನ ಮುದುಕರು ಅದನ್ನು ತಮ್ಮ ಮನೆ ಹುಡುಗ ಹೊಡೆದ ಹಾಗೆ ಹೇಳುತ್ತಾರೆ.

ಆಗಿನ ಹೀರೋ ರಸ್ಟಿ ಸ್ಟಾಬ್. ನ್ಯೂ ಆರ್ಲಿಯನ್ಸ್‌ನವನು, ಕೆಂಪು ಕೂದಲು. 'ಲ ಗ್ರಾಂ ಒರಾಂಜ್', ಅಂದರೆ ದೊಡ್ಡ ಕಿತ್ತಳೆ, ಅಂತ ಇಲ್ಲಿ ಅಡ್ಡಹೆಸರು ಬಿತ್ತು. ಆತ ಫ್ರೆಂಚ್ ಕಲಿತ. ಜನ ಕರಗಿಹೋದರು. ಮೊದಲ ಸಲ ಆಡಿದ್ದು ಮೂರೇ ಸೀಸನ್, ಆದರೂ ಆತನ 10 ನಂಬರ್ ಅಂಗಿಗೆ ತಂಡ ಗೌರವ ಕೊಟ್ಟಿತು.

ಗ್ಯಾರಿ ಕಾರ್ಟರ್‌ನದೂ ಇದೇ ಕಥೆ. ಕ್ಯಾಲಿಫೋರ್ನಿಯಾದ ಹುಡುಗ. ಕ್ಯಾಚರ್, ಅಂದರೆ ನಮ್ಮ ವಿಕೆಟ್ ಕೀಪರ್ ನಿಲ್ಲುವ ಜಾಗ. ಆತನ ಅಡ್ಡಹೆಸರು 'ದ ಕಿಡ್'. 1984ರ ಕೊನೆಯಲ್ಲಿ ತಂಡ ಆತನನ್ನು ನ್ಯೂಯಾರ್ಕ್ ಮೆಟ್ಸ್‌ಗೆ ಬಿಟ್ಟುಕೊಟ್ಟಿತು. ಅಲ್ಲಿ 1986ರಲ್ಲಿ ಚಾಂಪಿಯನ್ ಆದ. 1992ರಲ್ಲಿ ಕೊನೆಯ ಸೀಸನ್ ಆಡಲು ಮತ್ತೆ ಇಲ್ಲಿಗೇ ಬಂದ. ಇಲ್ಲಿನ ಆಖರಿ ಪಂದ್ಯದಲ್ಲಿ ಆತ ಹೊಡೆದ ಚೆಂಡು ಬಲಗಡೆ ನಿಂತಿದ್ದ ಆಂಡ್ರೆ ಡಾಸನ್ ತಲೆಯ ಮೇಲೆ ಹಾದುಹೋಯಿತು. ಡಾಸನ್ ಬೇರೆ ಯಾರೂ ಅಲ್ಲ, ಎಕ್ಸ್‌ಪೋಸ್‌ನಲ್ಲೇ ಜೊತೆಗೆ ಬೆಳೆದವನು, ಆಗ ಶಿಕಾಗೋ ಪರ ಆಡುತ್ತಿದ್ದ. ಪಂದ್ಯ 1-0. ಆ ಒಂದು ರನ್ ಬಂದದ್ದು ಅದೇ ಹೊಡೆತದಿಂದ. ಇದನ್ನು ಹೇಳುವಾಗ ಕೈಯೆತ್ತಿ ಚೆಂಡು ಹೋದ ದಾರಿ ತೋರಿಸದವರನ್ನು ನಾನಿನ್ನೂ ನೋಡಿಲ್ಲ.

ಕಾರ್ಟರ್ 2012ರ ಫೆಬ್ರವರಿಯಲ್ಲಿ ಮೆದುಳಿನ ಕ್ಯಾನ್ಸರ್‌ನಿಂದ ತೀರಿಕೊಂಡ. 57 ವರ್ಷ. ಜ್ಯಾರಿ ಪಾರ್ಕ್ ಪಕ್ಕದ ಒಂದು ರಸ್ತೆಗೆ ಈಗ ಆತನ ಹೆಸರು. ಯಾವತ್ತಾದರೂ ಆ ಬೋರ್ಡ್ ಕೆಳಗೆ ಹಾದುಹೋಗು.

ತಂಡ ಗೆದ್ದದ್ದೇನು ಅಂತ ಕೇಳಿದರೆ, ದೊಡ್ಡದೇನೂ ಇಲ್ಲ. 1981ರಲ್ಲಿ ಒಂದೇ ಒಂದು ಸಲ ಪ್ಲೇಆಫ್‌ಗೆ ಹೋಯಿತು. ಅಕ್ಟೋಬರ್ 19, ಸೋಮವಾರ, ಲಾಸ್ ಏಂಜಲಿಸ್ ಡಾಜರ್ಸ್ ಎದುರು ನಿರ್ಣಾಯಕ ಪಂದ್ಯ. ಕೊನೆಯ ಇನಿಂಗ್ಸ್, 1-1 ಸಮ, ಇಬ್ಬರು ಔಟ್. ಡಾಜರ್ಸ್‌ನ ರಿಕ್ ಮಂಡೇ ಎನ್ನುವವನು ಹೋಮ್‌ರನ್, ಅಂದರೆ ನಮ್ಮ ಸಿಕ್ಸರ್ ಥರದ ಹೊಡೆತ, ಹೊಡೆದ. ಸೋಮವಾರದ ದಿನ ಮಂಡೇ ಹೆಸರಿನವನ ಕೈಯಲ್ಲಿ ಸೋಲು! ಆ ದಿನಕ್ಕೆ ಇಲ್ಲಿ 'ಬ್ಲೂ ಮಂಡೇ' ಅಂತಲೇ ಹೆಸರು. ಅದನ್ನು ನಗುತ್ತಾ ಹೇಳುವವರು ಸಿಗುತ್ತಾರೆ.

1994 ಬೇರೆ. ಆ ವರ್ಷ ಯಾರೂ ಸೋಲಿಸಲಿಲ್ಲ, ಆಟವೇ ನಿಂತುಹೋಯಿತು. ಫೆಲಿಪೆ ಆಲೂ ಮ್ಯಾನೇಜರ್, ಲ್ಯಾರಿ ವಾಕರ್, ಮಾರ್ಕಿಸ್ ಗ್ರಿಸಮ್, ಹುಡುಗ ಪೆಡ್ರೊ ಮಾರ್ಟಿನೆಜ್. 74 ಗೆಲುವು, 40 ಸೋಲು. ಇಡೀ ಲೀಗ್‌ನಲ್ಲೇ ಮೊದಲ ಸ್ಥಾನ. ಮಾಲೀಕರು ಆಟಗಾರರ ಸಂಬಳಕ್ಕೆ ಮಿತಿ ಹಾಕಲು ಹೊರಟರು, ಆಗಸ್ಟ್ 12ರಂದು ಆಟಗಾರರು ಮುಷ್ಕರ ಹೂಡಿದರು, ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಫೈನಲ್ ಸರಣಿ ವರ್ಲ್ಡ್ ಸೀರೀಸ್ ರದ್ದಾಯಿತು. 1904ರ ನಂತರ ಅದು ನಡೆಯದೇ ಇದ್ದದ್ದು ಆ ವರ್ಷವೇ. ಮುಂದಿನ ಸೀಸನ್ ಶುರುವಾಗುವ ಹೊತ್ತಿಗೆ ದುಡ್ಡಿಲ್ಲ ಅಂತ ವಾಕರ್, ಗ್ರಿಸಮ್, ಕೆನ್ ಹಿಲ್, ಜಾನ್ ವೆಟ್‌ಲ್ಯಾಂಡ್ ನಾಲ್ವರನ್ನೂ ಬಿಟ್ಟುಬಿಟ್ಟರು. ತಂಡ ಸತ್ತದ್ದು 2004ರಲ್ಲಲ್ಲ, ಆಗಲೇ ಅಂತ ನನ್ನ ಲೆಕ್ಕ.

ನಾನು ಬಂದ ಮೇಲೆ ನೋಡಿದ್ದು ಕೊನೆಗಾಲ. ಜ್ಯಾರಿ ಪಾರ್ಕ್ ಬಿಟ್ಟ ಮೇಲೆ ತಂಡ ಆಡುತ್ತಿದ್ದದ್ದು ಊರಿನ ಪೂರ್ವದ ಒಲಿಂಪಿಕ್ ಸ್ಟೇಡಿಯಂನಲ್ಲಿ, ದೊಡ್ಡ ಕಾಂಕ್ರೀಟ್ ಗುಮ್ಮಟ, ಒಳಗೆ ಕೆಲವು ಸಾವಿರ ಜನ. ಖಾಲಿ ಸೀಟನ್ನು ಮಡಚಿ ಬಡಿದು ಸದ್ದು ಮಾಡುತ್ತಿದ್ದರು, ಹತ್ತು ಜನ ಬಡಿದರೆ ನೂರು ಜನರಂತೆ ಕೇಳುತ್ತಿತ್ತು. ಎಲ್ಲಿ ಬೇಕಾದರೂ ಕೂರಬಹುದಿತ್ತು. ಆಗಿನ ಸ್ಟಾರ್ ವ್ಲಾಡಿಮಿರ್ ಗೆರೆರೊ ಚೆಂಡು ಎಸೆಯುವುದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಆ ಖಾಲಿತನದ ಕೃಪೆ. (1976ರ ಒಲಿಂಪಿಕ್ಸ್‌ಗೆಂದು ಕಟ್ಟಿದ ಆ ಸ್ಟೇಡಿಯಂನ ಸಾಲ ತೀರಿದ್ದು 2006ರಲ್ಲಿ, ತಂಡ ಹೋಗಿ ಎರಡು ವರ್ಷ ಆದ ಮೇಲೆ.)

2004ರ ಸೆಪ್ಟೆಂಬರ್ 29. ತಂಡ ವಾಷಿಂಗ್ಟನ್‌ಗೆ ಹೋಗುತ್ತದೆ ಅಂತ ಘೋಷಣೆಯಾದದ್ದೂ ಅವತ್ತೇ, ಇಲ್ಲಿನ ಕೊನೆಯ ಪಂದ್ಯವೂ ಅವತ್ತೇ. 31,395 ಜನ ಬಂದರು. ಫ್ಲೋರಿಡಾ ಎದುರು 9-1 ಸೋಲು. ನಮ್ಮ ಫ್ಯಾಕ್ಟರಿಯ ಫೋರ್‌ಮನ್ ಒಬ್ಬರು ಅವತ್ತಿನ ಟಿಕೆಟ್ಟನ್ನು ಪರ್ಸಿನಲ್ಲಿ ಬಸ್ ಪಾಸ್ ಹಿಂದೆ ಇಟ್ಟುಕೊಂಡಿದ್ದರು. ಮಡಿಕೆ ಹರಿದು ಟೇಪ್ ಅಂಟಿಸಿದ್ದರು, ಅಕ್ಷರ ಮಾಸಿತ್ತು. ನಾನು ಸೇರಿ ವರ್ಷಗಳಾದರೂ ನನಗೆ 'ಬೊಂಜೂರ್' ಬಿಟ್ಟು ಇನ್ನೊಂದು ಮಾತು ಆಡಿರಲಿಲ್ಲ. ಊಟದ ಹೊತ್ತಲ್ಲಿ ಅದೇನು ಅಂತ ಕೇಳಿದೆ. ಅವತ್ತು ಬ್ರೇಕ್ ಮುಗಿದರೂ ಮಾತು ಮುಗಿಯಲಿಲ್ಲ. ನನ್ನ ಹರುಕು ಫ್ರೆಂಚ್ ಅವರಿಗೆ ಅಡ್ಡ ಬರಲಿಲ್ಲ. ಆಮೇಲೆ ಮಗನಿಗೆ ಬೇಸಿಗೆ ಕೆಲಸ ಕೊಡಿಸಿದವರೂ ಅವರೇ.

ಇಲ್ಲಿಯವರು ಮುಖ ಕೊಡುವುದಿಲ್ಲ ಅಂತ ನಮ್ಮವರೆಲ್ಲ ದೂರುತ್ತಾರೆ. ನಾವು ಅವರನ್ನು ಕೇಳುವುದೇನು? ಪಿಆರ್ (ಇಲ್ಲೇ ಕಾಯಂ ಇರುವ ಪರವಾನಗಿ), ಬಾಡಿಗೆ, ಹಿಮ. ಅದಕ್ಕೆ ಯಾರು ಕುರ್ಚಿ ಎಳೆದು ಕೂರುತ್ತಾರೆ ಹೇಳು. ಈ ಊರಲ್ಲಿ ಫ್ರೆಂಚ್‌ನವರದೊಂದು ದಾರಿ, ಇಂಗ್ಲಿಷ್‌ನವರದೊಂದು ದಾರಿ. ಎಕ್ಸ್‌ಪೋಸ್ ವಿಷಯದಲ್ಲಿ ಮಾತ್ರ ಇಬ್ಬರ ಸಂಕಟವೂ ಒಂದೇ. 2014ರ ಮಾರ್ಚ್‌ನಲ್ಲಿ ಟೊರೊಂಟೊ ಮತ್ತು ಮೆಟ್ಸ್ ತಂಡಗಳು ಬಂದು ಇದೇ ಸ್ಟೇಡಿಯಂನಲ್ಲಿ ಎರಡು ಪ್ರದರ್ಶನ ಪಂದ್ಯ ಆಡಿದವು. ಎರಡು ದಿನಕ್ಕೆ 96 ಸಾವಿರ ಜನ. ಕಾರ್ಟರ್‌ಗೆ ಗೌರವ ಸಲ್ಲಿಸಿದರು, 1994ರ ತಂಡವನ್ನು ಕರೆದು ನಿಲ್ಲಿಸಿದರು. ಮೈದಾನದಲ್ಲಿ ಎಕ್ಸ್‌ಪೋಸ್ ಇಲ್ಲ, ಗ್ಯಾಲರಿಯಲ್ಲೆಲ್ಲ "ಲೆಟ್ಸ್ ಗೋ ಎಕ್ಸ್‌ಪೋಸ್" ಅಂತ ಕೂಗು. ಆರ್‌ಸಿಬಿಗೆ 18ನೇ ಸೀಸನ್ ತನಕ ಕಾದವರು ನಾವು, ಹುಚ್ಚು ಅಂದರೆ ಏನು ಅಂತ ನಮಗೆ ಹೇಳಿಕೊಡಬೇಕಿಲ್ಲ. ಇವರಿಗೆ ಕಾಯೋಣ ಅಂದರೆ ತಂಡವೇ ಇಲ್ಲ.

2018ರ ಮಾರ್ಚ್ 27ರಂದು ಅಲ್ಲೇ ಇನ್ನೊಂದು ಪ್ರದರ್ಶನ ಪಂದ್ಯ. ಗೆರೆರೊ ಮಗ, ಅವನ ಹೆಸರೂ ವ್ಲಾಡಿಮಿರ್, ಅಪ್ಪ ಇಲ್ಲಿ ಆಡುತ್ತಿದ್ದಾಗ ಈ ಊರಲ್ಲೇ ಹುಟ್ಟಿದವನು. ಕೊನೆಯ ಇನಿಂಗ್ಸ್‌ನಲ್ಲಿ ಹೋಮ್‌ರನ್ ಹೊಡೆದು ಟೊರೊಂಟೊ ತಂಡವನ್ನು 1-0ರಿಂದ ಗೆಲ್ಲಿಸಿದ. ಎರಡೇ ದಿನಕ್ಕೆ ರಸ್ಟಿ ಸ್ಟಾಬ್ ತೀರಿಕೊಂಡ ಸುದ್ದಿ. ಆ ವಾರ ಫೋರ್‌ಮನ್ ಫೋನ್ ಮಾಡಿದ್ದರು, ರಿಟೈರ್ ಆಗಿದ್ದರೂ. ಅರ್ಧ ಹೊತ್ತು ಹುಡುಗನ ಬಗ್ಗೆ, ಅರ್ಧ ಹೊತ್ತು ಸ್ಟಾಬ್ ಬಗ್ಗೆ.

ಹಾಗಾಗಿ ಓನರ್ ಮತ್ತೆ ಸಿಕ್ಕಾಗ 1994ರಿಂದ ಶುರು ಮಾಡಬೇಡ, ಅದು ಗಾಯ. ಕಾರ್ಟರ್ ಹೆಸರು ಎತ್ತು, ಇಲ್ಲವೇ ಜ್ಯಾರಿ ಪಾರ್ಕ್‌ನ ಈಜುಕೊಳ ಯಾವ ಕಡೆ ಇದೆ ಅಂತ ಕೇಳು. ಇನ್ನೊಂದು ವಿಷಯ. ಆ ತಂಡ ವಾಷಿಂಗ್ಟನ್ ನ್ಯಾಷನಲ್ಸ್ ಅಂತ ಹೆಸರು ಬದಲಿಸಿಕೊಂಡು 2019ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತು. "ನಿಮ್ಮದೇ ಟೀಮ್ ಅಲ್ವಾ, ಗೆದ್ದಿತಲ್ಲ" ಅಂತ ಸಮಾಧಾನ ಮಾಡಲು ಹೋಗಬೇಡ ಮಾರಾಯ. ಬಾಡಿಗೆ ಜಾಸ್ತಿ ಮಾಡಿಯಾರು.