ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಿಂದ ಒಂದೇ ದಿನದಲ್ಲಿ ಫೋರ್ಟ್ ಸ್ಟೀವನ್ಸ್ ಸ್ಟೇಟ್ ಪಾರ್ಕ್ ನೋಡಿ ಬರಬಹುದಾ? ಅಲ್ಲಿ ನೋಡೋಕೆ ಏನಿದೆ?

ಆರಾಮಾಗಿ ಬರಬಹುದು. ಕಾರಿನಲ್ಲಿ ಹೆಚ್ಚುಕಮ್ಮಿ ಎರಡು ಗಂಟೆಯ ದಾರಿ. ಕೊಲಂಬಿಯಾ ನದಿ ಸಮುದ್ರ ಸೇರುವ ಜಾಗ ಅದು.

ಈ ಪಾರ್ಕ್ ಹಿಂದೆ ಸೇನೆಯ ಕೋಟೆಯಾಗಿತ್ತು. ಮೊದಲು ಅದರ ತೋಪುಗಳ ನೆಲೆಯಾಗಿದ್ದ ಬ್ಯಾಟರಿ ರಸೆಲ್‌ಗೆ ಹೋಗಿ. 1942ರ ಜೂನ್ 21ರ ರಾತ್ರಿ ಜಪಾನಿನ ಐ-25 ಸಬ್‌ಮೆರೀನ್ ಈ ಕೋಟೆಯ ಮೇಲೆ 17 ಶೆಲ್ ಹಾರಿಸಿತು. ಕೋಟೆಯವರು ತಿರುಗಿ ಒಂದು ಗುಂಡೂ ಹಾರಿಸಲಿಲ್ಲ. ಬೆಂಕಿಯ ಮಿಂಚು ಕಂಡರೆ ತೋಪುಗಳ ಜಾಗ ಗೊತ್ತಾಗುತ್ತದಲ್ವಾ, ಅದಕ್ಕೇ ಸುಮ್ಮನಿರಿ ಅಂತ ಆರ್ಡರ್. ಯಾರೂ ಸಾಯಲಿಲ್ಲ. ಪೆಟ್ಟು ತಿಂದದ್ದು ಮುಖ್ಯವಾಗಿ ಬೇಸ್‌ಬಾಲ್ ಮೈದಾನದ ಬಲೆಬೇಲಿ!

ತೋಪುಗಳು ಈಗಿಲ್ಲ. ಅವನ್ನು ಕೂರಿಸಿದ್ದ ದುಂಡನೆಯ ಕಾಂಕ್ರೀಟ್ ಗುಂಡಿಗಳು, ಕೆಳಗೆ ಮದ್ದುಗುಂಡಿನ ಕೋಣೆಗಳು ಉಳಿದಿವೆ. ಒಳಗೆ ಕಗ್ಗತ್ತಲು, ತೇವ. ಟಾರ್ಚ್ ಇಟ್ಟುಕೊಳ್ಳಿ. ಮೇಲ್ಗಡೆ ಅಂಚುಗಳಿಗೆ ಎಲ್ಲ ಕಡೆ ಕಂಬಿ ಇಲ್ಲ, ಮಕ್ಕಳ ಕೈ ಬಿಡಬೇಡಿ.

ಬೀಚಿನಲ್ಲಿ 1906ರಲ್ಲಿ ಮರಳಿಗೆ ಸಿಕ್ಕಿಬಿದ್ದ ಪೀಟರ್ ಐರ್‌ಡೇಲ್ ಹಡಗಿನ ತುಕ್ಕು ಹಿಡಿದ ಅಸ್ಥಿಪಂಜರ ಇದೆ. ನನ್ನ ಪ್ರಕಾರ ಫೋಟೋಗೆ ಇದೇ ಬೆಸ್ಟ್. ನೀರು ಇಳಿದಾಗ ಹೋದರೆ ಹತ್ತಿರದಿಂದಲೇ ನೋಡಬಹುದು, ಇಳಿತದ ಸಮಯ ಮೊದಲೇ ನೋಡಿಕೊಳ್ಳಿ. ಗಾಳಿ ಜೋರು, ಬೇಸಿಗೆಯಲ್ಲೂ ಜಾಕೆಟ್ ಬೇಕು. ಪಾರ್ಕಿಂಗಿಗೆ ದುಡ್ಡು ಕಟ್ಟಬೇಕು.