‘ಫ್ರೀ’ ಕಾಲಂನಲ್ಲಿ 280 ಎಂಬಿ ಕಂಡರೆ ರ‍್ಯಾಮ್ ಹಾಕಿಸಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಹಾಲಿನ ಸಂಘದ ಕಚೇರಿಯಲ್ಲಿ ಎಂಟು ಜಿಬಿ ರ‍್ಯಾಮ್‌ನ ಉಬುಂಟು ಕಂಪ್ಯೂಟರ್. ಟರ್ಮಿನಲ್‌ನಲ್ಲಿ ‘ಫ್ರೀ -ಎಚ್’ ಹೊಡೆದರೆ ‘ಫ್ರೀ’ ಅನ್ನುವ ಕಡೆ ಬರೀ 280 ಎಂಬಿ. ಇನ್ನೊಂದು ರ‍್ಯಾಮ್ ಹಾಕಿಸಬೇಕಾ, ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಅಂತ ಕಮ್ಯಾಂಡಿನಲ್ಲೇ ನೋಡುವುದು ಹೇಗೆ. ನೀವು ಹಾಕಿರುವ ಅಂಕಿಗಳನ್ನು ನೋಡಿದೆ. ದುಡ್ಡು ಸದ್ಯಕ್ಕೆ ಜೇಬಲ್ಲೇ ಇರಲಿ.

(ಕಮ್ಯಾಂಡುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ, ಎಲ್ಲ ಸಣ್ಣಕ್ಷರ.)

ಅದೇ ಸಾಲಿನ ಕೊನೆಗೆ ‘ಅವೈಲಬಲ್’ ಅಂತ ಇದೆ ನೋಡಿ, ನಿಮ್ಮದರಲ್ಲಿ 4.6 ಜಿಬಿ. ನೋಡಬೇಕಾದ್ದು ಅದನ್ನು. ನಾನು ಕೋಲಾರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು, ಗಿರಾಕಿಗಳಲ್ಲಿ ಅರ್ಧ ಜನ ಟೊಮೆಟೊ ಮಂಡಿಯವರು. ಮಧ್ಯಾಹ್ನದ ಮೇಲೆ ಮಂಡಿಗೆ ಹೋದರೆ ಅಂಗಳದ ತುಂಬ ಖಾಲಿ ಕ್ರೇಟ್ ಪೇರಿಸಿರುತ್ತಾರೆ. ಕಾಲಿಡಲು ಜಾಗ ಇಲ್ಲ ಅನ್ನಿಸುತ್ತೆ. ಬೆಳಿಗ್ಗೆ ಲೋಡ್ ಬಂದ ತಕ್ಷಣ ಎತ್ತಿ ಆಚೆ ಹಾಕುತ್ತಾರೆ, ಅಂಗಳ ಖಾಲಿ. ‘ಬಫ್/ಕ್ಯಾಶ್’ ಅನ್ನುವ 4.9 ಜಿಬಿ ಬಹುಪಾಲು ಅಂಥ ಕ್ರೇಟೇ. ಒಮ್ಮೆ ಡಿಸ್ಕಿನಿಂದ ಓದಿದ ಫೈಲನ್ನು ಮತ್ತೆ ಬೇಕಾದೀತು ಅಂತ ಲಿನಕ್ಸ್ ಖಾಲಿ ರ‍್ಯಾಮ್‌ನಲ್ಲಿ ಇಟ್ಟುಕೊಂಡಿರುತ್ತೆ. ಯಾವುದಾದರೂ ಪ್ರೋಗ್ರಾಂ ಜಾಗ ಕೇಳಿದರೆ ಬಿಟ್ಟುಕೊಡುತ್ತೆ. ಹೀಗೆ ಬಿಟ್ಟುಕೊಡಬಹುದಾದದ್ದನ್ನೂ ಅಂದಾಜು ಮಾಡಿ ಸೇರಿಸಿ ಹೇಳುವುದೇ ‘ಅವೈಲಬಲ್’. ಕ್ಯಾಶ್ ಖಾಲಿ ಮಾಡುವ ಕಮ್ಯಾಂಡ್ ಅಂತ ಯಾರಾದರೂ ಹೇಳಿಕೊಟ್ಟರೆ ಹೊಡೆಯಬೇಡಿ. ಕಾಲಂ ನೋಡಲು ಚೆಂದ ಆಗುತ್ತೆ, ಯಂತ್ರ ಇನ್ನಷ್ಟು ನಿಧಾನ ಆಗುತ್ತೆ.

ಹಾಗಾದರೆ ರ‍್ಯಾಮ್ ನಿಜವಾಗಿ ಸಾಲದಾದಾಗ ಹೇಗಿರುತ್ತೆ? ಒಂದು ಮಂಡಿಯ ಕಥೆ ಹೇಳುತ್ತೇನೆ.

ನಾಲ್ಕು ಜಿಬಿಯ ಹಳೇ ಯಂತ್ರ, ಹಾರ್ಡ್ ಡಿಸ್ಕಿನದು. ಬೆಳಿಗ್ಗೆ ಚೆನ್ನಾಗಿ ಓಡುತ್ತೆ. ಹರಾಜು ಮುಗಿದು ರೈತರು ಪಟ್ಟಿಗೆ (ಮಾರಾಟದ ಲೆಕ್ಕದ ಚೀಟಿಗೆ) ಸಾಲಾಗಿ ನಿಲ್ಲುವ ಹನ್ನೊಂದು ಗಂಟೆಗೆ ಸರಿಯಾಗಿ ಮೌಸ್ ಕೂಡ ಅಲುಗಾಡದು. ಕೆಲವು ದಿನ ಬಿಲ್ಲಿಂಗ್ ಪ್ರೋಗ್ರಾಂ ತಾನೇ ಮುಚ್ಚಿಕೊಳ್ಳುತ್ತೆ. “ವೈರಸ್ ಹೊಕ್ಕಿದೆ ಕಣಪ್ಪ, ಹೊಸಾದೇ ತಂದ್ಬಿಡೋಣ” ಅಂದರು ಯಜಮಾನರು. “ಅಣ್ಣಾ, ನಾಳೆ ಹನ್ನೊಂದಕ್ಕೆ ಬಂದು ಕೂತ್ಕೋತೀನಿ, ಆಮೇಲೆ ನೋಡೋಣ” ಅಂದೆ. ಎರಡು ಸಲ ಸಂಜೆ ಹೋಗಿ ನೋಡಿ ಏನೂ ಸಿಗದೆ ವಾಪಸ್ ಬಂದಿದ್ದೆ, ಅದಕ್ಕೆ.

ಮೊದಲು ‘ಟಾಪ್’ ಹಾಕಿದೆ, ಯಾವ ಪ್ರೋಗ್ರಾಂ ಎಷ್ಟು ತಿನ್ನುತ್ತಿದೆ ಅಂತ ತೋರಿಸುವ ಕಮ್ಯಾಂಡ್ ಅದು. ಮೇಲಿನ ಸಾಲಿನಲ್ಲಿ ಲೋಡ್ ಆವರೇಜ್ 6.4, 5.8, 3.1. ಕಳೆದ ಒಂದು, ಐದು, ಹದಿನೈದು ನಿಮಿಷಗಳ ಸರಾಸರಿ ಅದು, ಅಂದರೆ ಹೊರೆ ಏರುತ್ತಾ ಬಂದಿದೆ. ‘ಎನ್‌ಪ್ರೊಕ್’ ಹೊಡೆದರೆ 4 ಅಂದಿತು, ಅಂದರೆ ಪ್ರೊಸೆಸರ್‌ನಲ್ಲಿ ದುಡಿಯುವ ಕೋರ್‌ಗಳು ನಾಲ್ಕು. ನಾಲ್ಕು ಕೆಲಸದವರಿಗೆ ಆರು ಜನರ ಕೆಲಸ ಕಾದು ನಿಂತಿದೆ, ಪ್ರೊಸೆಸರ್ ಸಾಲದು ಅಂತ ಅಲ್ಲೇ ತೀರ್ಮಾನ ಮಾಡುವವರು ಬಹಳ. ಆದರೆ ಎರಡು ಸಾಲು ಕೆಳಗೆ ‘ಯುಎಸ್’ ನೂರಕ್ಕೆ 9 ಅಷ್ಟೇ, ‘ಡಬ್ಲ್ಯುಎ’ 71! ಯುಎಸ್ ಅಂದರೆ ಪ್ರೋಗ್ರಾಂಗಳಿಗಾಗಿ ಪ್ರೊಸೆಸರ್ ದುಡಿದದ್ದು. ಡಬ್ಲ್ಯುಎ ಅಂದರೆ ಡಿಸ್ಕ್ ಉತ್ತರ ಕೊಡಲಿ ಅಂತ ಸುಮ್ಮನೆ ಕೂತದ್ದು. ಹಮಾಲಿಗಳೆಲ್ಲ ಬೀಡಿ ಸೇದುತ್ತಾ ಕೂತಿದ್ದಾರೆ, ಲಾರಿ ತೂಕದ ಹತ್ತಿರ ಸಿಕ್ಕಿಹಾಕಿಕೊಂಡಿದೆ. ಡಿಸ್ಕಿಗೆ ಕಾಯುವವರನ್ನೂ ಲಿನಕ್ಸ್ ಲೋಡ್ ಲೆಕ್ಕಕ್ಕೆ ಸೇರಿಸುವುದರಿಂದ ಆ ಆರು ಬಂದಿತ್ತು.

ಆಮೇಲೆ ‘ವಿಎಂಸ್ಟ್ಯಾಟ್ 1’. ಸೆಕೆಂಡಿಗೊಂದು ಸಾಲು ಬರುತ್ತೆ. ಮೊದಲ ಸಾಲನ್ನು ಬಿಟ್ಟುಬಿಡಿ, ಅದು ಯಂತ್ರ ಆನ್ ಆದಾಗಿನಿಂದ ಇಲ್ಲಿಯವರೆಗಿನ ಸರಾಸರಿ. ‘ಎಸ್‌ಐ’, ‘ಎಸ್‌ಓ’ ಎರಡೂ ಸಾವಿರಗಳಲ್ಲಿ ಕುಣಿಯುತ್ತಿದ್ದವು. ರ‍್ಯಾಮ್ ತುಂಬಿ ಸಾಮಾನನ್ನು ಡಿಸ್ಕಿನ ಸ್ವಾಪ್‌ಗೆ ಸಾಗಿಸುವುದು, ಮತ್ತೆ ವಾಪಸ್ ತರುವುದು, ಅದೇ ಕೆಲಸ. ಇವೆರಡು ಸೊನ್ನೆ ಇದ್ದರೆ ಸ್ವಾಪ್‌ನಲ್ಲಿ ಒಂದಿಷ್ಟು ಬಿದ್ದಿದ್ದರೂ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಸಮ ಓಡುತ್ತಿದ್ದರೆ ಮಾತ್ರ ರ‍್ಯಾಮ್ ಸಾಲುತ್ತಿಲ್ಲ ಅಂತ.

ತಿಂದದ್ದು ಯಾರು? ಟಾಪ್‌ನಲ್ಲಿ ಶಿಫ್ಟ್ ಹಿಡಿದು ಎಂ ಒತ್ತಿದರೆ ಮೆಮೊರಿ ಹೆಚ್ಚು ತಿನ್ನುವವರು ಮೇಲೆ ಬರುತ್ತಾರೆ (ಶಿಫ್ಟ್ ಹಿಡಿದೇ ಪಿ ಒತ್ತಿದರೆ ಪ್ರೊಸೆಸರ್ ತಿನ್ನುವವರು, ಬರೀ ಕ್ಯೂ ಒತ್ತಿದರೆ ಆಚೆಗೆ). ‘ವಿಐಆರ್‌ಟಿ’ ಕಾಲಂ (ಪ್ರೋಗ್ರಾಂ ಕೇಳಿಟ್ಟುಕೊಂಡ ಜಾಗವೆಲ್ಲ) ನೋಡಿ ಗಾಬರಿ ಬೀಳಬೇಡಿ, ನಿಜವಾಗಿ ರ‍್ಯಾಮ್‌ನಲ್ಲಿ ಕೂತದ್ದನ್ನು ಹೇಳುವ ‘ಆರ್‌ಇಎಸ್’ ನೋಡಿ. ನಾನು ಯಜಮಾನರ ಮಗನ ಯೂಟ್ಯೂಬ್ ಇರಬೇಕು ಅಂದುಕೊಂಡಿದ್ದೆ. ಮೇಲೆ ಕೂತಿದ್ದು ಬಿಲ್ಲಿಂಗ್ ಪ್ರೋಗ್ರಾಮೇ, 1.9 ಜಿಬಿ.

ಮಾರನೇ ದಿನ ಬೆಳಿಗ್ಗೆ ‘ಪಿಎಸ್’ ಕಮ್ಯಾಂಡಿನಿಂದ ಆ ಒಂದೇ ಪ್ರೋಗ್ರಾಂನ ‘ಆರ್‌ಎಸ್‌ಎಸ್’ ಅಂಕಿಯನ್ನು (ಟಾಪ್‌ನ ಆರ್‌ಇಎಸ್ ಇದೇ) ನಿಮಿಷಕ್ಕೊಮ್ಮೆ ಫೈಲಿಗೆ ಬರೆಯಲು ಬಿಟ್ಟೆ. ಎಂಟಕ್ಕೆ 310 ಎಂಬಿ. ಆಮೇಲೆ ಪಟ್ಟಿ ಒಂದಕ್ಕೆ ನಾಲ್ಕು ಎಂಬಿಯಂತೆ ಏರಿದ್ದೇ ಏರಿದ್ದು, ಒಮ್ಮೆಯೂ ಇಳಿಯಲಿಲ್ಲ. ಪ್ರಿಂಟ್ ಆದ ಮೇಲೂ ಪಟ್ಟಿಯ ಚಿತ್ರವನ್ನು ಕೈಬಿಡದೆ ಹಿಡಿದುಕೊಳ್ಳುತ್ತಿತ್ತು. ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಸಂದೇಶಗಳನ್ನು ತೋರಿಸುವ ‘ಡಿಎಂಇಎಸ್‌ಜಿ’ ತೆಗೆದರೆ ತಾನೇ ಮುಚ್ಚಿಕೊಳ್ಳುವುದರ ಗುಟ್ಟೂ ಸಿಕ್ಕಿತು: ‘ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೊಸೆಸ್’. ಜಾಗವೇ ಇಲ್ಲವಾದಾಗ ಕರ್ನಲ್ ದೊಡ್ಡ ಹೊಟ್ಟೆಯವನನ್ನು ಹುಡುಕಿ ಮುಗಿಸುತ್ತೆ. ವೈರಸ್ ಗಿರಸ್ ಏನೂ ಇಲ್ಲ.

ಪ್ರೋಗ್ರಾಂ ಮಾಡಿದವರಿಗೆ ಆ ಫೈಲ್ ಕಳಿಸಿ ಮೂರು ತಿಂಗಳಾಯಿತು, ಇನ್ನೂ ‘ನೋಡ್ತೀವಿ ಸಾರ್’ ಅಂತಲೇ ಇದ್ದಾರೆ. ಅಲ್ಲಿಯವರೆಗೆ ಮಂಡಿಯಲ್ಲಿ ಹತ್ತೂವರೆಗೆ ಟೀ ಬಂದಾಗ ಹುಡುಗ ಅದನ್ನೊಮ್ಮೆ ಮುಚ್ಚಿ ತೆಗೆಯುತ್ತಾನೆ. ಹೊಸ ಯಂತ್ರ ಬರಲಿಲ್ಲ, ನನ್ನ ಕಮಿಷನ್ನೂ ಹೋಯಿತು ಅನ್ನಿ.

ಪ್ರೊಸೆಸರ್ ವಿಷಯ ಇಷ್ಟೇ: ಟಾಪ್‌ನಲ್ಲಿ ಒಂದು ಪ್ರೋಗ್ರಾಂ ಎದುರು 180 ಅಂತ ಕಂಡರೆ ತಪ್ಪಲ್ಲ, ಒಂದೊಂದು ಕೋರಿಗೆ ನೂರರ ಲೆಕ್ಕ. 1 ಒತ್ತಿದರೆ ಕೋರ್‌ಗಳು ಬೇರೆ ಬೇರೆಯಾಗಿ ಕಾಣುತ್ತವೆ. ಬಣ್ಣದ ಪಟ್ಟಿ ಬೇಕೆನಿಸಿದರೆ ‘ಎಚ್‌ಟಾಪ್’ ಹಾಕಿಕೊಳ್ಳಿ, ನನಗೂ ಅದೇ ಇಷ್ಟ. ಆದರೆ ಕಂಡವರ ಯಂತ್ರದಲ್ಲಿ ಅದು ಇರುವುದಿಲ್ಲ, ಟಾಪ್ ಇದ್ದೇ ಇರುತ್ತೆ.

ನಿಮ್ಮ ಯಂತ್ರ ನಿಧಾನ ಆಗುವುದು ಯಾವಾಗ ಅಂತ ನೀವು ಬರೆದಿಲ್ಲ. ಬೆಳಿಗ್ಗೆ ಹಾಲು ಅಳೆಯುವ ಹೊತ್ತಿಗಾ, ಬಟವಾಡೆ ದಿನವಾ? ಆ ಗಳಿಗೆಯಲ್ಲೇ ‘ವಿಎಂಸ್ಟ್ಯಾಟ್ 1 10’ ಹೊಡೆದು, ಬರುವ ಹತ್ತು ಸಾಲನ್ನೂ ಟಾಪ್‌ನ ಮೇಲಿನ ಐದು ಸಾಲನ್ನೂ ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.